ಅಂಗಡಿಯ ಬೆಳ್ಳುಳ್ಳಿ, ಹಿತ್ತಲ ಒಲೆ

ನನ್ನ ಗಂಡನಿಗೆ ಬೆಳ್ಳುಳ್ಳಿಯ ವಿಷಯದಲ್ಲಿ ತಿಳಿಯದ್ದು ಯಾವುದೂ ಇಲ್ಲ, ರುಚಿಯೊಂದನ್ನು ಬಿಟ್ಟು. ಹಿಂದೂಪುರದ ಮಾರುಕಟ್ಟೆಯಲ್ಲಿ ನಮ್ಮದು ಹುಣಸೆಹಣ್ಣು, ಒಣಮೆಣಸಿನಕಾಯಿ, ಬೆಳ್ಳುಳ್ಳಿಯ ಮಂಡಿ. ಮೂಟೆಯೊಳಗೆ ಕೈಹಾಕಿ ಒಂದು ಗೆಡ್ಡೆ ತೆಗೆದು ಹೆಬ್ಬೆರಳಿನಲ್ಲಿ ಒತ್ತಿದರೆ ಸಾಕು, ಎಷ್ಟು ಒಣಗಿದೆ, ಎಷ್ಟು ದಿನ ತಡೆದೀತು ಎಂದು ಹೇಳಿಬಿಡುತ್ತಾರೆ. ಮಾವನವರೂ ಹಾಗೇ ಇದ್ದರಂತೆ. ಈ ಮನೆಯ ಗೋಡೆ, ಮಾಳಿಗೆ, ನನ್ನ ಕತ್ತಿನ ಸರ ಎಲ್ಲವೂ ಬೆಳ್ಳುಳ್ಳಿಯಿಂದ ಬಂದದ್ದೇ. ಆದರೆ ಅಡುಗೆಮನೆಯ ಹೊಸ್ತಿಲನ್ನು ಅದರ ಒಂದು ಎಸಳೂ ದಾಟುವಂತಿರಲಿಲ್ಲ. ಲಿಂಗಪೂಜೆಯ ಮನೆ, ಉಗ್ರದ ಪದಾರ್ಥ ಒಳಗೆ ಬರಕೂಡದು ಎನ್ನುವುದು ನಮ್ಮತ್ತೆಯ ಕಟ್ಟು. ಮಾರಿದರೆ ದೋಷವಿಲ್ಲ, ತಿಂದರೆ ದೋಷ. ಇದು ಯಾವ ಲೆಕ್ಕ ಎಂದು ನಾನು ಕೇಳಿದಾಗಲೆಲ್ಲ ಗಂಡ ಪೇಪರು ಓದುತ್ತಿದ್ದರು.

ಸಂಜೆ ಅಂಗಡಿಯಿಂದ ಬಂದವರು ಅಂಗಳದ ನಲ್ಲಿಯ ಹತ್ತಿರ ನಿಂತು ಕೈಚಾಚುತ್ತಿದ್ದರು. ನಾನು ಒಳಗಿನಿಂದ ನಿಂಬೆಗಾತ್ರದ ಹುಣಸೆಹಣ್ಣು ತಂದುಕೊಡಬೇಕು. ಅದನ್ನು ಕಿವುಚಿ ಕೈತಿಕ್ಕಿ, ಮೂಸಿ ನೋಡಿ, ಬೆಳ್ಳುಳ್ಳಿಯ ವಾಸನೆ ಹೋಗಿದೆ ಎಂದು ಖಾತ್ರಿಯಾದ ಮೇಲೆ ಒಳಕ್ಕೆ ಬರುತ್ತಿದ್ದರು. ಮದುವೆಯಾಗಿ ಬಂದ ದಿನದಿಂದ ನಾನು ಒಂದು ದಿನವೂ ತಪ್ಪಿಸದ ಪೂಜೆ ಅದೊಂದೇ ಇರಬೇಕು.

ನನ್ನ ತವರು ಕಲ್ಯಾಣದುರ್ಗ. ಅಲ್ಲಿಯವರೂ ಲಿಂಗ ಕಟ್ಟಿದವರೇ, ಆದರೆ ಹೊಲದ ಜನ. ಅಲ್ಲಿ ಬೆಳ್ಳುಳ್ಳಿಯಿಲ್ಲದ ಊಟವನ್ನು ಜ್ವರ ಬಂದವರಿಗೆ ಮಾತ್ರ ಹಾಕುತ್ತಿದ್ದರು. ನಮ್ಮಮ್ಮ ಕುಟ್ಟುತ್ತಿದ್ದ ಬೆಳ್ಳುಳ್ಳಿ ಖಾರಕ್ಕೆ ಒಣಮೆಣಸಿನಕಾಯಿ, ಕಲ್ಲುಪ್ಪು, ಚೂರು ಜೀರಿಗೆ, ಮತ್ತೆ ಸಿಪ್ಪೆ ಸಮೇತ ಬೆಳ್ಳುಳ್ಳಿ. ಸಿಪ್ಪೆ ಸುಲಿದರೆ ಅದು ಮುದ್ದೆಯಾಗುತ್ತದೆ, ಸಿಪ್ಪೆಯಿದ್ದರೆ ಉದುರುದುರಾಗಿ ನಿಲ್ಲುತ್ತದೆ. ಬಿಸಿ ರಾಗಿಮುದ್ದೆಗೆ ಅದನ್ನಿಟ್ಟು, ಮೇಲೆ ಕಡ್ಲೆಕಾಯಿ ಎಣ್ಣೆ ಬಿಟ್ಟರೆ ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ.

ಹಿಂದೂಪುರದ ಮನೆಯಲ್ಲಿ ನನಗೆ ಬೆಳ್ಳುಳ್ಳಿ ಸಿಕ್ಕಿದ್ದು ಬಾಣಂತನದಲ್ಲಿ ಮಾತ್ರ. ಹಿತ್ತಲಲ್ಲಿ, ಸೌದೆ ಒಟ್ಟುವ ಚಪ್ಪರದ ಕೆಳಗೆ, ಮೂರು ಕಲ್ಲಿನ ಒಲೆ. ಅದಕ್ಕೆಂದೇ ಒಂದು ಪುಟ್ಟ ಬಾಣಲೆ. ಅತ್ತೆ ತಾವೇ ಕೂತು ತುಪ್ಪದಲ್ಲಿ ಬೆಳ್ಳುಳ್ಳಿ ಹುರಿದು, ಹಿಂಬಾಗಿಲಲ್ಲಿ ಕೂತ ನನ್ನ ಅಂಗೈಗೆ ಹಾಕುತ್ತಿದ್ದರು.

"ಬಾಣಂತಿಗೆ ದೋಷ ಇಲ್ಲ ಕಣಮ್ಮ, ತಿನ್ನು. ಹಾಲು ಇಳೀಬೇಕು."

ಬಾಣಂತನ ಮುಗಿದ ದಿನ ಬಾಣಲೆಯನ್ನು ಬೂದಿ ಹಾಕಿ ತಿಕ್ಕಿ ಚಪ್ಪರಕ್ಕೆ ಸಿಕ್ಕಿಸಿದರು. ಮಗು ನನ್ನ ತೊಡೆಯ ಮೇಲಿತ್ತು. ನಿನ್ನೆಯ ತನಕ ಇಲ್ಲದ ದೋಷ ಇವತ್ತು ಎಲ್ಲಿಂದ ಬಂತು ಎಂದು ನನಗೆ ಅವತ್ತೇ ಮೈ ಉರಿದುಹೋಯಿತು. ಆ ಉರಿ ಆರಲೇ ಇಲ್ಲ, ಆರಿಸಿಕೊಳ್ಳುವ ಮನಸ್ಸೂ ನನಗಿರಲಿಲ್ಲ.

ಹೋದ ಬೇಸಿಗೆಯಲ್ಲಿ ಮಾರುಕಟ್ಟೆಯ ಒಂದಷ್ಟು ವ್ಯಾಪಾರಸ್ಥರು ಸೇರಿ ಬೆಳ್ಳುಳ್ಳಿ ಹಬ್ಬ ಮಾಡುವುದೆಂದು ತೀರ್ಮಾನಿಸಿದರು. ಮಾರಾಟದ ಮಳಿಗೆ, ಅಡುಗೆಯ ಮಳಿಗೆ, ಭಾಷಣ, ಊಟ. ಗಂಡನೂ ಮುಂದಾಳುಗಳಲ್ಲಿ ಒಬ್ಬರು. ಊಟಕ್ಕೆ ಕೂತಾಗ ನಾನು ಹೇಳಿದೆ, "ನಂಗೊಂದು ಮಳಿಗೆ ಬೇಕು. ನಮ್ಮಮ್ಮನ ಖಾರ ಕುಟ್ಟಿ ಬಡಿಸ್ತೀನಿ."

"ನೋಡಾನ ತಡಿಯೇ," ಅಂದರು. ಇವರ 'ನೋಡೋಣ'ಕ್ಕೆ ಏನರ್ಥ ಎಂದು ನನಗೆ ಗೊತ್ತು.

ಅತ್ತೆ ತಟ್ಟೆಯಿಂದ ತಲೆಯೆತ್ತಲಿಲ್ಲ. "ಅದ್ನ ಮುಟ್ಕಂಡು ಜನದ ಮುಂದೆ ಕೂತ್ರೆ, ಆಮೇಲೆ ಈ ಮನೆ ಒಲೆ ಮುಂದೆ ಕೂರ್ಬೇಡ ಕಣಮ್ಮ. ಅಷ್ಟೆ ನಾನು ಹೇಳೋದು."

ಕೂಗಾಡಿದ್ದರೆ ನಾನೂ ಕೂಗಾಡುತ್ತಿದ್ದೆ. ಅವರು ಮಜ್ಜಿಗೆ ಕಲೆಸುತ್ತ ಹೇಳಿದರು. ಇಷ್ಟು ವರ್ಷ ನಾನು ಹೊಗೆ ಕುಡಿದ ಒಲೆಯದು. ಅದರ ಮುಂದಿನಿಂದ ನನ್ನನ್ನು ಎಬ್ಬಿಸುವುದು ಅಷ್ಟು ಸಲೀಸೇ? ಮರುದಿನ ಬೆಳಿಗ್ಗೆಯೇ ಅಮ್ಮನ ಒರಳು ತರಲು ಕಲ್ಯಾಣದುರ್ಗಕ್ಕೆ ಹೊರಟೆ.

ಅಮ್ಮ ಈಗಿಲ್ಲ. ಅವಳ ಒರಳು ತವರಿನ ಜಗಲಿಯ ಮೂಲೆಯಲ್ಲಿ ಕೋಳಿಗೆ ನೀರಿಡುವ ಕಲ್ಲಾಗಿತ್ತು. ಅದು ಎರಡು ಕೈಯಲ್ಲಿ ಎತ್ತಬಹುದಾದ ಚಿಕ್ಕ ಒರಳು. ಅಣ್ಣ ನಗುತ್ತಲೇ ತೊಳೆದು, ಗುಂಡುಕಲ್ಲಿನ ಸಮೇತ ಗೋಣಿಚೀಲಕ್ಕೆ ಹಾಕಿಕೊಟ್ಟ. ಪೆನುಕೊಂಡದಲ್ಲಿ ಬಸ್ಸು ಬದಲಾಯಿಸುವಾಗ ಕಂಡಕ್ಟರು ಚೀಲವನ್ನು ಕಾಲಿನಿಂದ ತಳ್ಳಲು ಹೋಗಿ ಬೆರಳು ಹಿಡಿದುಕೊಂಡ.

"ಏಂದಮ್ಮಾ ಇದಿ, ರೋಲಾ?"

"ರೋಲೇ ನಾಯನಾ, ಒರಳುಕಲ್ಲು. ಇದಕ್ಕೂ ಟಿಕೆಟ್ಟು ಬೇಕಾ?"

"ಟಿಕೆಟ್ಟು ಬ್ಯಾಡ, ಇನ್ನೊಬ್ರ ಕಾಲ್ ಮೇಲೆ ಬೀಳ್ದಂಗೆ ನೋಡ್ಕಳಿ," ಅಂದ.

ಹಬ್ಬದ ದಿನ ಮಾರುಕಟ್ಟೆಯ ಬಯಲಿಗೆ ಶಾಮಿಯಾನ ಹಾಕಿದ್ದರು. ಕಂಬಗಳಿಗೆ ಹೂವಿನ ಬದಲು ಬೆಳ್ಳುಳ್ಳಿಯ ಜಡೆ. ಉಪ್ಪಿನಕಾಯಿ, ಚಟ್ನಿಪುಡಿ, ಹಪ್ಪಳ, ಕಡ್ಲೆಕಾಯಿಗೆ ಬೆಳ್ಳುಳ್ಳಿ ಹಾಕಿ ಹುರಿದದ್ದು, ಪರಿಗಿಯ ಕಡೆಯವರು ತಂದ ಬೆಳ್ಳುಳ್ಳಿ ಸೊಪ್ಪು. ಒಳಗೆ ಕಾಲಿಟ್ಟವಳೇ ಎದೆ ತುಂಬ ಉಸಿರೆಳೆದುಕೊಂಡೆ. ಯಾರಿಗೂ ಹೆದರದೆ ಆ ವಾಸನೆ ಕುಡಿದದ್ದು ಈ ಊರಲ್ಲಿ ಅದೇ ಮೊದಲು. ಮಳಿಗೆ ಸಿಕ್ಕಿದೆ ಎಂದಷ್ಟೇ ಹೇಳಿದ್ದ ಗಂಡ ನನ್ನನ್ನು ಅದರ ಮುಂದೆ ತಂದು ನಿಲ್ಲಿಸಿದರು. ಮೇಲಿನ ಬಟ್ಟೆಯಲ್ಲಿ ದೊಡ್ಡ ಅಕ್ಷರದಲ್ಲಿ ತೆಲುಗು, ಕನ್ನಡ ಎರಡರಲ್ಲೂ ಬರೆಸಿತ್ತು: ಬೆಳ್ಳುಳ್ಳಿ ಹಾಕದ ಊಟ.

"ಇದೇನ್ರಿ?"

"ದೊಡ್ಡೋರು ಬತ್ತಾರೆ ಕಣೆ. ಅವ್ರ್ಯಾರೂ ಬೆಳ್ಳುಳ್ಳಿ ತಿನ್ನಲ್ಲ. ಅಡುಗೆ ಎಲ್ಲ ಭಟ್ರು ಮಾಡವ್ರೆ, ನೀನು ನಿಂತ್ಕಂಡು ಬಡಿಸಿದ್ರೆ ಸಾಕು. ನಮ್ಮನೆ ಹೆಂಗಸು ಅಂದ್ರೆ ಎಲ್ರಿಗೂ ನಂಬ್ಕೆ. ಅಮ್ಮಂಗೂ ಬೇಜಾರಾಗಲ್ಲ."

ನನ್ನ ಒರಳು ಅಷ್ಟರಲ್ಲಿ ಕುರ್ಚಿಗಳ ಹಿಂದೆ, ಖಾಲಿ ನೀರಿನ ಕ್ಯಾನುಗಳ ಜೊತೆ ಸೇರಿತ್ತು. ಆದರೂ ಸೌಟು ಹಿಡಿದು ನಿಂತೆ. ನಿಂತದ್ದಕ್ಕೆ ಈಗಲೂ ನನಗೆ ವಿಷಾದವಿಲ್ಲ. ಅಲ್ಲಿ ನಿಲ್ಲದಿದ್ದರೆ ಆಮೇಲಿನ ತಮಾಷೆ ನೋಡಲು ಸಿಗುತ್ತಿರಲಿಲ್ಲ.

ಭಾಷಣಗಳು ಶುರುವಾದವು. ಬೆಳ್ಳುಳ್ಳಿ ರಕ್ತಕ್ಕೆ ಒಳ್ಳೆಯದು, ಹೃದಯಕ್ಕೆ ಒಳ್ಳೆಯದು, ಬಡವರ ಅಮೃತ ಎಂದೆಲ್ಲ ಒಬ್ಬರ ಮೇಲೊಬ್ಬರು ಹೊಗಳಿದರು. ಚಪ್ಪಾಳೆ ತಟ್ಟಿಸಿಕೊಂಡರು. ಕೊರಳಿಗೆ ಬೆಳ್ಳುಳ್ಳಿಯ ಹಾರವನ್ನೂ ಹಾಕಿಸಿಕೊಂಡರು. ಆಮೇಲೆ ವೇದಿಕೆಯಿಂದ ಇಳಿದು, ಹಾರವನ್ನು ಕುರ್ಚಿಯ ಮೇಲಿಟ್ಟು, ಕೈತೊಳೆದು, ಸಾಲಾಗಿ ನನ್ನ ಮುಂದೆ ಬಂದು ನಿಂತರು. ಬೆಳ್ಳುಳ್ಳಿ ಹಬ್ಬದಲ್ಲಿ ಎಲ್ಲಕ್ಕಿಂತ ಉದ್ದದ ಸಾಲು ಬೆಳ್ಳುಳ್ಳಿ ಹಾಕದ ಊಟಕ್ಕೆ. ಮೊದಲು ನಿಂತಿದ್ದವರು ಮಾರುಕಟ್ಟೆಯ ಹಿರಿಯರೊಬ್ಬರು, ಮಾವನವರ ಸ್ನೇಹಿತರು.

"ನಮ್ಮಂಥೋರಿಗೆ ಇದೇ ವಾಸಿ ಕಣಮ್ಮ. ನಿಮ್ಮನೆ ಕೈ ಅಂದ್ರೆ ಕಣ್ಮುಚ್ಚಿ ತಿನ್ನಬೌದು."

"ಅದು ನಮ್ಮತ್ತೆ ಕೈ, ಮಾವ. ನಂದು ಕಲ್ಯಾಣದುರ್ಗದ ಕೈ," ಅಂದೆ. ಪಕ್ಕದಲ್ಲಿದ್ದ ಗಂಡನ ಕೈಗೆ ಸೌಟು ಕೊಟ್ಟೆ. "ನೀವು ಬಡಿಸ್ರಿ. ಈ ಮನೆಯವ್ರು ನೀವು."

ಕ್ಯಾನುಗಳ ನಡುವಿನಿಂದ ಒರಳು ಎಳೆದುಕೊಂಡು ಹೋಗಿ, ಎದುರಿಗೇ ಬಿಸಿಲಲ್ಲಿ ಗೋಣಿತಾಟು ಹಾಸಿ ಕೂತೆ. ಮೆಣಸಿನಕಾಯಿ, ಉಪ್ಪು, ಜೀರಿಗೆ ಗಂಟು ಕಟ್ಟಿ ತಂದಿದ್ದೆ. ಬೆಳ್ಳುಳ್ಳಿಗೆ ಅಲ್ಲೇನು ಬರ, ಕಂಬದ ಜಡೆಯನ್ನೇ ಕಿತ್ತುಕೊಂಡೆ. ಗುಂಡುಕಲ್ಲು ಮೊದಲ ಸಲ ಬಿದ್ದಾಗ ಸಾಲಿನಲ್ಲಿದ್ದವರು ತಿರುಗಿದರು. ಎಸಳು ನುರಿದು ವಾಸನೆ ಎದ್ದಾಗ ಅರ್ಧ ಶಾಮಿಯಾನ ತಿರುಗಿತು. ಮಂಡಿಗಳಲ್ಲಿ ದಿನವೆಲ್ಲ ಕೂತು ಬೆಳ್ಳುಳ್ಳಿ ಬಿಡಿಸುವ ಹೆಂಗಸರು ತಮ್ಮ ಬುತ್ತಿ ಬಿಚ್ಚಿಕೊಂಡು ನನ್ನ ಸುತ್ತ ಕೂತರು. "ಕೊಂಚೆಂ ಪೆಟ್ಟಮ್ಮಾ," ಅಂತ ಒಬ್ಬಳು ಮುದ್ದೆಯ ತಟ್ಟೆ ಚಾಚಿದಳು. ಒಂದು ಚಿಟಿಕೆ ಹಾಕಿದೆ. ಬಾಯಿಗಿಟ್ಟು ಕಣ್ಣಲ್ಲಿ ನೀರು ತಂದುಕೊಂಡು, ಇನ್ನೊಂದು ಚಿಟಿಕೆಗೆ ಮತ್ತೆ ತಟ್ಟೆ ಚಾಚಿದಳು. ನಾನೂ ಅವಳ ಮುದ್ದೆಯಿಂದಲೇ ಒಂದು ತುತ್ತು ಮುರಿದುಕೊಂಡು ಎಲ್ಲರೂ ನೋಡುವ ಹಾಗೆ ತಿಂದೆ. ಯಾರೋ ಫೋನು ಹಿಡಿದು ವಿಡಿಯೊ ಮಾಡುತ್ತಿದ್ದರು. ಮಾಡಲಿ ಅಂತ ಸೆರಗು ಸರಿಮಾಡಿಕೊಂಡು ಇನ್ನೂ ಜೋರಾಗಿ ಕುಟ್ಟಿದೆ. ಗಂಡ ಎದುರಿಗೆ ಸೌಟು ಹಿಡಿದು ನಿಂತೇ ಇದ್ದರು, ಯಾರಿಗೆ ಬಡಿಸುತ್ತಿದ್ದೇನೆ ಎನ್ನುವ ಗಮನವೂ ಇರಲಿಲ್ಲ.

ಒರಳನ್ನು ಆಟೋದಲ್ಲಿ ಹಾಕಿಕೊಂಡು ಮನೆಗೆ ಬಂದಾಗ ಬಿಸಿಲು ಇಳಿದಿತ್ತು. ಪಕ್ಕದ ಮನೆಯಾಕೆ ಅತ್ತೆಗೆ ಫೋನಿನಲ್ಲಿ ಎಲ್ಲವನ್ನೂ ತೋರಿಸಿಯಾಗಿತ್ತು. ಅತ್ತೆ ಅಡುಗೆಮನೆಯ ಹೊಸ್ತಿಲ ಮೇಲೆ ಕಾಲು ಅಡ್ಡ ಚಾಚಿಕೊಂಡು ಕೂತಿದ್ದರು.

"ಆ ಕಲ್ಲ ಹಿತ್ತಲಿಗೆ ಇಡು."

"ಇಡಲ್ಲ ಅತ್ತೆ. ನಿಮ್ಮ ಸಾರಿಗೆ ಹಾಕಲ್ಲ, ಪೂಜೆ ಪಾತ್ರೆ ಮುಟ್ಟಲ್ಲ. ಆದ್ರೆ ನಂದು ನಾನು ಒಳಗೇ ಕುಟ್ಕತೀನಿ. ನೀವೇ ಹುರಿದು ನನ್ ಕೈಗೆ ಹಾಕಿದ್ರಲ್ಲ, ಅವತ್ತು ಇಲ್ದ ದೋಷ ಇವತ್ತು ಹೆಂಗೆ ಬಂತು?"

ಒರಳಿನ ಭಾರಕ್ಕೆ ನನ್ನ ತೋಳು ಸೋಲುತ್ತಿತ್ತು, ಆದರೂ ಇಳಿಸಲಿಲ್ಲ.

"ನಂಗೆ ಯಾರೂ ಹುರಿದು ಕೊಡ್ಲಿಲ್ಲ ಕಣಮ್ಮ," ಅಂದರು. "ಹಿತ್ತಲಲ್ಲೂ ಬ್ಯಾಡ ಅಂದ್ಬುಟ್ಟಿದ್ರು ನಮ್ಮತ್ತೆ. ಹಾಲೇ ಬರ್ಲಿಲ್ಲ. ನಿನ್ ಗಂಡ ಬೆಳೆದಿದ್ದು ಹಸು ಹಾಲಲ್ಲಿ. ನೀನು ಬಸುರಿ ಅಂದಾಗ ಆ ಮೂರು ಕಲ್ಲ ಇಟ್ಟೋಳು ನಾನು. ನಮ್ಮತ್ತೆ ಸಾಯೋಗಂಟ ನನ್ ಜೊತೆ ಮಾತಾಡ್ಲಿಲ್ಲ."

ಮಾವನವರ ತಾಯಿ ಅತ್ತೆಯ ಜೊತೆ ಮಾತು ಬಿಟ್ಟಿದ್ದನ್ನು ನಾನು ಕಂಡಿದ್ದೆ. ಆಸ್ತಿಯ ವಿಷಯಕ್ಕಿರಬೇಕು ಎಂದುಕೊಂಡಿದ್ದೆ. ಚಪ್ಪರಕ್ಕೆ ಸಿಕ್ಕಿಸಿದ ಬಾಣಲೆಯನ್ನು ನೋಡಿದಾಗಲೆಲ್ಲ ಈ ಹೆಂಗಸಿನ ಮೇಲೆ ಹಲ್ಲು ಕಡಿದಿದ್ದೆ.

"ಹಿತ್ತಲತನಕ ನಾನು ತಂದೆ. ಮುಂದಕ್ಕೆ ನನ್ ಕೈಲಾಗ್ಲಿಲ್ಲ," ಅಂದರು. "ನಾನಂತೂ ತಿನ್ನಲ್ಲ."

ಅವರು ಎದ್ದು ದಾರಿ ಬಿಡಲಿಲ್ಲ. ಚಾಚಿದ್ದ ಕಾಲನ್ನು ಮಾತ್ರ ಎಳೆದುಕೊಂಡರು. ನಾನು ದಾಟಿ ಹೋಗಿ ಒರಳನ್ನು ಒಲೆಯ ಪಕ್ಕದಲ್ಲಿ ಇಳಿಸಿ, ಅದೇ ಒಲೆಯ ಮುಂದೆ ಕೂತು ರಾತ್ರಿಯ ಮುದ್ದೆಗೆ ಎಸರಿಟ್ಟೆ.

ಕತ್ತಲಾಗುವ ಹೊತ್ತಿಗೆ ಗಂಡ ಬಂದರು. ಎಂದಿನಂತೆ ನಲ್ಲಿಯ ಹತ್ತಿರ ನಿಂತು ಕೈಚಾಚಿದರು. ನಾನು ಹುಣಸೆಹಣ್ಣು ತರಲಿಲ್ಲ, ಬಾಗಿಲಲ್ಲೇ ನಿಂತೆ. ಅವರು ನನ್ನನ್ನು ನೋಡಿದರು, ನನ್ನ ಹಿಂದೆ ಹೊಸ್ತಿಲ ಮೇಲಿದ್ದ ತಾಯಿಯನ್ನು ನೋಡಿದರು.

"ಹಂಗೇ ಬಾರಪ್ಪ ಒಳಕ್ಕೆ," ಅಂದರು ಅತ್ತೆ.