ಅರ್ಥ ಹೇಳುವವರು

ವಾಗ್ಳೆ ಎಸ್ಟೇಟಿನ ಒಂದು ಕಾರ್ಖಾನೆಯಲ್ಲಿ ನಾನು ಪ್ಯಾಕಿಂಗ್ ಮಾಡುತ್ತೇನೆ. ಇಡೀ ದಿನ ನಿಂತೇ ಮಾಡುವ ಕೆಲಸ. ಮೊಣಕಾಲು ಎರಡೂ ಕೈಕೊಟ್ಟಿವೆ. ಆಫೀಸಿನೊಳಗೆ ಕುರ್ಚಿ ಸಿಗಬೇಕಾದರೆ ಇಂಗ್ಲಿಷ್ ಪರೀಕ್ಷೆ ಪಾಸಾಗಬೇಕು. ವಯಸ್ಸು ನಲವತ್ತು ದಾಟಿದರೆ ಪರೀಕ್ಷೆಗೆ ಕೂರಿಸಿಕೊಳ್ಳುವುದಿಲ್ಲ. ನನಗೆ ಉಳಿದಿದ್ದದ್ದು ಈ ವರ್ಷ ಮಾತ್ರ.

ಠಾಕುರ್ಲಿ ಸ್ಟೇಷನ್ನಿನ ಪಕ್ಕದ ಕ್ಲಾಸಿಗೆ ಸೇರಿದೆ. ಅಲ್ಲಿಯ ಟೀಚರ್ ಉಪಾಯ ಹೇಳಿಕೊಟ್ಟರು: ಮೊದಲು ಪ್ರಶ್ನೆ ಓದಿ, ಆಮೇಲೆ ಪಾಠದ ಮೇಲೆ ಕಣ್ಣಾಡಿಸಿ, ಗೊತ್ತಿಲ್ಲದ ಶಬ್ದಕ್ಕೆ ಹೆದರಿ ನಿಲ್ಲಬೇಡಿ, ಅಕ್ಕಪಕ್ಕದ ಮಾತಿನಿಂದ ಊಹಿಸಿ. ಎಲ್ಲದಕ್ಕೂ ತಲೆಯಾಡಿಸಿದೆ. ಆದರೆ ನನ್ನ ಬಾಯಿ ಕೇಳಬೇಕಲ್ಲ! ರಾಗ ಎಳೆದು ಗಟ್ಟಿಯಾಗಿ ಓದದಿದ್ದರೆ ಸಾಲು ಮುಂದೆ ಸಾಗದು. ಮನಸ್ಸಿನಲ್ಲೇ ಓದಬಾರದೇ ಎಂದು ಇಲ್ಲೇ ಹುಟ್ಟಿ ಬೆಳೆದ ಮಗಳ ತಕರಾರು. "ಮಮ್ಮಿ, ಮನ್ ಮೇ ಪಢೋ ನಾ," ಎಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಳ್ಳುತ್ತಿದ್ದಳು.

ಆ ರಾಗ ನನಗೆ ಅಂಟಿದ್ದು ಶ್ರಾವಣ ಮಾಸದ ಪುರಾಣದಿಂದ. ವಿಜಯಪುರದ ಕಡೆಯ ನಮ್ಮ ಮನೆಗಳಲ್ಲಿ ಹಳೆಯ ಕಾಲದ ಕನ್ನಡ ಪದ್ಯಗಳ ಪುರಾಣಕ್ಕೆ ಇಬ್ಬರು ಬೇಕು, ಒಬ್ಬರು ಓದಲು, ಒಬ್ಬರು ಅರ್ಥ ಹೇಳಲು. ಮದುವೆಯಾಗಿ ಈ ಪರರಾಜ್ಯದ ಊರಿಗೆ ಬಂದ ಮೇಲೆ ಚಾಳಿನ ಸಾಲುಮನೆಗಳ ಹೆಂಗಸರ ನಡುವೆಯೂ ಅದೇ ನಡೆಯಿತು. ಅಕ್ಷರ ಬಾರದ ಅತ್ತೆ ಚಿಕ್ಕಂದಿನಿಂದ ಕೇಳಿ ಕೇಳಿ ಎಲ್ಲ ಬಲ್ಲವರು. "ಓದೂದು ನೀ ಓದು, ಅರ್ಥ ನಾ ಹೇಳ್ತೀನಿ," ಎನ್ನುತ್ತಿದ್ದರು. ಅವರು ಹೇಳುವಾಗ ನಾನು ಮುಂದಿನ ಪದ್ಯದ ರಾಗ ಗುನುಗುತ್ತಿದ್ದೆ. ಎಲ್ಲರೂ ನನ್ನ ದನಿ ಹೊಗಳುತ್ತಿದ್ದರು, ನಾನು ಉಬ್ಬುತ್ತಿದ್ದೆ.

ಪರೀಕ್ಷೆ ಖಾರಘರದಲ್ಲಿತ್ತು. ತುಟಿಯಲ್ಲೇ ಪ್ಯಾರಾ ಓದಿ ಮುಗಿಸಿ, ಪೆನ್ನು ಹಿಡಿದು ಸುಮ್ಮನೆ ಕೂತೆ. ಈಗ ಯಾರೋ ಅರ್ಥ ಹೇಳುತ್ತಾರೆ ಎಂಬಂತೆ ಕಾದೆ; ನಾಚಿಕೆಗೇಡು, ಆದರೆ ನಿಜಕ್ಕೂ ಕಾದೆ. ಓದಿದ್ದೆಲ್ಲ ಸದ್ದಾಗಿ ಬಂದು ಸದ್ದಾಗಿಯೇ ಹೋಗಿತ್ತು. ಉಪಾಯ ಒಂದೂ ನೆನಪಾಗಲಿಲ್ಲ. ಫೇಲಾದೆ. ಇನ್ನು ಕೆಲಸ ಬಿಡುವವರೆಗೂ ನಿಂತೇ ಇರಬೇಕು.

ಅಷ್ಟರಲ್ಲಿ ಅತ್ತೆಗೆ ಲಕ್ವ ಹೊಡೆದು ಮಾತು ಬಿದ್ದುಹೋಗಿತ್ತು. ಶ್ರಾವಣ ಬಂದಾಗ ಅವರ ಹಾಸಿಗೆಯ ಪಕ್ಕ ಕೂತು ಪುರಾಣ ತೆರೆದೆ. ಇಂಗ್ಲಿಷ್ ಹೋದರೆ ಹೋಗಲಿ, ಇದಾದರೂ ನನ್ನದು ಎಂದುಕೊಂಡಿದ್ದೆ. ಒಂದು ಪದ್ಯ ಓದಿ ನಿಲ್ಲಿಸಿದೆ. ಅತ್ತೆಯ ತುಟಿ ಅದುರಿತು, ಮಾತು ಹೊರಡಲಿಲ್ಲ. ನಾನೇ ಹೇಳೋಣವೆಂದು ಅದೇ ಪದ್ಯವನ್ನು ಮತ್ತೆ ಓದಿದೆ, ಮತ್ತೂ ಓದಿದೆ. ಏನೂ ತಿಳಿಯಲಿಲ್ಲ. ಅಷ್ಟು ವರ್ಷ ಓದಿದ ಕನ್ನಡವೂ ನನಗೆ ಬಂದಿರಲಿಲ್ಲ. ಅತ್ತೆ ನನ್ನ ಮುಖವನ್ನೇ ನೋಡುತ್ತ ಅರ್ಥಕ್ಕಾಗಿ ಕಾಯುತ್ತಿದ್ದರು.