ಹರವೆಗೆ ಮಾತ್ರ ಬಾರದಿದ್ದ ಕಲಾಯಿಯವರು

ಪಕ್ಕದ ಸೀಟಿನಲ್ಲಿ ಕೂತವರ ಬದುಕು ಎಂಥದ್ದೆಂದು ಕೇಳದೆ ಬಸ್ಸಿಳಿದು ಹೋಗುವಷ್ಟು ಬಡವರೇನು ನೀವು? ನಾನಂತೂ ಅಲ್ಲ. ಹೆಂಗಸರಿಗೆ ಬಸ್ಸು ಪುಕ್ಕಟೆಯಾದಂದಿನಿಂದ ನನ್ನಂಥ ಸಿರಿವಂತೆ ನಮ್ಮೂರು ಹರವೆಯಲ್ಲೇ ಇನ್ನೊಬ್ಬಳಿಲ್ಲ. ಮಗಳನ್ನು ಗುಂಡ್ಲುಪೇಟೆಗೆ ಕೊಟ್ಟಿದ್ದೇನೆ. ವಾರಕ್ಕೊಮ್ಮೆ ಹೋಗಿಬರುತ್ತೇನೆ. ಮಗಳನ್ನು ನೋಡುವುದಕ್ಕೆ ಎಂದು ಮನೆಯಲ್ಲಿ ಹೇಳುತ್ತೇನೆ. ನಿಜ ಹೇಳಬೇಕೆಂದರೆ ದಾರಿಗಾಗಿ ಹೋಗುತ್ತೇನೆ.

ಮನೆಯಿಂದಲೇ ಚಾಮರಾಜನಗರದ ಕಾಲೇಜಿಗೆ ಓಡಾಡುವ ಮೊಮ್ಮಗಳು ಕಳೆದ ವರ್ಷ ನನಗೆ ಫೋನಿನಲ್ಲಿ ಕನ್ನಡ ಟೈಪ್ ಮಾಡುವುದನ್ನು ಕಲಿಸಿದಳು. ಮೊದಲ ದಿನ 'ಊಟ ಆಯಿತಾ' ಎಂದು ನಾನು ಟೈಪ್ ಮಾಡಿ ಮುಗಿಸುವಷ್ಟರಲ್ಲಿ ಅವಳು ಉಂಡು ಕೈ ತೊಳೆದು ತಟ್ಟೆ ಬೋರಲು ಹಾಕಿದ್ದಳು. ಈಗ ಎರಡು ಬೆರಳು ಓಡುತ್ತವೆ. ಬಸ್ಸಿನಲ್ಲಿ ಕೇಳಿದ್ದನ್ನೆಲ್ಲ ಮರುದಿನ ಕೂತು ಟೈಪ್ ಮಾಡುತ್ತೇನೆ. ಮಂಗಳವಾರ ಸಂಜೆ ನಮ್ಮ ಜಗುಲಿಯ ಮೇಲೆ ಹೆಂಗಸರ ಸಂಘ ಸೇರುತ್ತದೆ. ಸಂಘದ ಕೆಲಸ ಮುಗಿದ ಮೇಲೆ ಮೊಮ್ಮಗಳು ಅದನ್ನು ಓದುತ್ತಾಳೆ. ನನ್ನದು ಒಂದೇ ಕಟ್ಟುಪಾಡು: ಯಾರ ಬದುಕೋ ಅವರಿಗೆ ಮೊದಲು ಓದಿ ಹೇಳಬೇಕು. ಅವರು ಹೂಂ ಅಂದರೆ ಜಗುಲಿಗೆ, ಇಲ್ಲದಿದ್ದರೆ ಫೋನಿನಲ್ಲೇ ಕೊಳೆಯಲಿ.

ಎಂಥೆಂಥವರು ಸಿಕ್ಕಿದರು ಅಂತೀರಿ! ಉಮ್ಮತ್ತೂರಿನ ಕೂಲಿ ಹೆಂಗಸೊಬ್ಬಳು ಚೆಂಡು ಹೂ ಕೀಳಲು ಗುಂಡ್ಲುಪೇಟೆ ಕಡೆ ಹೋಗುತ್ತಿದ್ದಳು. ಕಣ್ಣು ಮುಚ್ಚಿಕೊಂಡು ಹೂವಿನ ತೊಟ್ಟು ಮುಟ್ಟಿದರೆ ಸಾಕು, ನಿನ್ನೆ ನೀರು ಬಿಟ್ಟ ಹೊಲದ್ದೋ ಅಲ್ಲವೋ ಹೇಳುತ್ತಾಳಂತೆ. "ನಮ್ ಮೇಸ್ತ್ರಿಗ ಎರಡು ಕಣ್ಣವ ಕಣವ್ವ, ನನಗ ಹತ್ತು ಬೆರಳವ" ಎಂದಳು. ಇನ್ನೊಬ್ಬಾಕೆ ವಯನಾಡಿನಿಂದ ಗುಂಡ್ಲುಪೇಟೆಗೆ ಮದುವೆಯಾಗಿ ಬಂದವಳು. ಇಷ್ಟು ಚೆನ್ನಾದ ಕನ್ನಡ ಯಾರು ಕಲಿಸಿದರು ಎಂದು ಕೇಳಿದೆ. "ನಮ್ಮತ್ತೆ ಮನೆ ಎಮ್ಮೆ" ಎಂದಳು. ಗಂಡನ ಮನೆಯಲ್ಲಿ ಯಾರೊಂದಿಗೆ ಮಾತಾಡಿದರೂ ನಗುತ್ತಿದ್ದರಂತೆ. ಎಮ್ಮೆಯೊಂದೇ ನಗಲಿಲ್ಲವಂತೆ. ಅದನ್ನು ಬೈದು ಬೈದೇ ಕನ್ನಡ ಕಲಿತಳಂತೆ. ಅದನ್ನು ಜಗುಲಿಯಲ್ಲಿ ಓದಿದ ದಿನ ನಮ್ಮ ಹೆಂಗಸರು ಸೆರಗು ಬಾಯಿಗೆ ತುರುಕಿಕೊಂಡು ನಕ್ಕರು. ನಾನು ನಗಲಿಲ್ಲ, ಬೀಗುತ್ತಾ ಕೂತಿದ್ದೆ. ಹುಡುಕಿ ತಂದವಳು ನಾನಲ್ಲವೇ.

ಹಾಗೆ ಬೀಗುತ್ತಿದ್ದಾಗಲೇ ಕಲಾಯಿಯವರು ಸಿಕ್ಕಿದ್ದು.

ಗುಂಡ್ಲುಪೇಟೆಯಿಂದ ವಾಪಸು ಬರುವಾಗ ಪಕ್ಕದಲ್ಲಿ ಒಬ್ಬ ಮುದುಕರು ಕೂತರು. ಬಿಳಿ ಗಡ್ಡ, ತಲೆಗೆ ಟೋಪಿ, ತೊಡೆಯ ಮೇಲೆ ಬಟ್ಟೆಚೀಲ. ಬಲಗೈಯ ಬೆರಳ ತುದಿಗಳು ಸುಟ್ಟು ನುಣ್ಣಗಾಗಿದ್ದವು. ಆ ಬೆರಳು ನೋಡಿ ಸುಮ್ಮನೆ ಕೂರುವವಳೇ ನಾನು?

"ಯಜಮಾನ್ರೇ, ಏನ್ ಕೆಲ್ಸ ಮಾಡಿ ಇಂಗ ಆಗದ ಬೆರಳು?"

"ಕಲಾಯಿ ಕಣಮ್ಮ" ಎಂದರು. "ನಿಮ್ಮಂತೋರ ಪಾತ್ರೆಗ ಮುಖ ಕಾಣ್ಸ್ಕೊಟ್ಟೋನು."

ಚಾಮರಾಜನಗರದಲ್ಲಿ ಮಗಳ ಮನೆಯಲ್ಲಿದ್ದಾರೆ. ಅಳಿಯನಿಗೆ ಹಾಸಿಗೆ ಅಂಗಡಿ. ಮನೆಯಲ್ಲಿ ಉರ್ದು, ಬೀದಿಯಲ್ಲಿ ನಮ್ಮದೇ ಕನ್ನಡ. ಸೈಕಲ್ಲಿನ ಹಿಂದೆ ಗಾಳಿ ಊದುವ ತಿದಿ ಕಟ್ಟಿಕೊಂಡು ಊರೂರು ತಿರುಗುತ್ತಿದ್ದರಂತೆ. ಮಣ್ಣಲ್ಲಿ ಗುಂಡಿ ತೋಡಿ, ಇದ್ದಿಲು ಹಾಕಿ, ತಿದಿ ಒತ್ತಿ, ಹಿತ್ತಾಳೆ ಪಾತ್ರೆ ಕಾಯಿಸಿ, ತವರದ ಕಡ್ಡಿಯನ್ನು ಒಳಗೆ ಮುಟ್ಟಿಸಿ, ನವಸಾಗರದ ಪುಡಿ ಉದುರಿಸಿ, ಹತ್ತಿಯಿಂದ ಸರ್ರನೆ ಒರೆಸಿದರೆ ಬೆಳ್ಳಿಯಂಥ ಕಲಾಯಿ. ಒಂದು ಗಳಿಗೆ ತಡವಾದರೆ ಕಪ್ಪು, ಒಂದು ಗಳಿಗೆ ಮುಂಚೆಯಾದರೆ ಹಿಡಿಯುವುದಿಲ್ಲ. ಹೇಳುತ್ತಾ ಹೇಳುತ್ತಾ ಅವರ ಕೈ ಬಸ್ಸಿನಲ್ಲೇ ಗಾಳಿಯನ್ನು ಒರೆಸುತ್ತಿತ್ತು.

"ಯಾವ್ ಯಾವ್ ಊರ್ಗ ಓಯ್ತಿದ್ರಿ?"

"ಹರದನಹಳ್ಳಿ, ಉಮ್ಮತ್ತೂರು, ಈ ಕಡ ತೆರಕಣಾಂಬಿ ಗಂಟ. ಹರವೆಗ ಮಾತ್ರ ಓಗ್ನಿಲ್ಲ."

ನಾನು ಹರವೆಯವಳೆಂದು ಇನ್ನೂ ಹೇಳಿರಲಿಲ್ಲ. "ಯಾಕ?" ಎಂದೆ.

"ಒಂದ್ಸಲ ಓಗಿದ್ದೆ. ನಲವತ್ ವರ್ಸದ ಮ್ಯಾಲಾಯ್ತು. ದೊಡ್ಡ ಮನೆ, ಮದ್ವೆಗ ಪಾಯ್ಸ ಮಾಡೋ ಅಂತ ತಪ್ಪಲೆ. ನನ್ ಜೀವ್ಮಾನ್ದಲ್ಲಿ ಅಂತ ಕಲಾಯಿ ಮಾಡಿರ್ನಿಲ್ಲ. ವಾರ ಬುಟ್ಟು ಆ ದಾರೀಲಿ ಓದ್ರೆ ಮನೆ ಯಜಮಾನಮ್ಮ ಅಂಗಳಕ್ಕ ಕರ್ದು ತಪ್ಪಲೆ ಮುಂದ ಬಿಸಾಕುದ್ಲು. ತವರ ಎಲ್ಲಾ ಕರಗಿ ತಳದಲ್ಲಿ ಗುಂಡ್‌ಗುಂಡ್ಗ ನಿಂತ್ಕಂಡದ. 'ಮಕ್ಕಳು ಉಣ್ಣೋ ಪಾತ್ರೆಗ ಸೀಸ ಬೆರ್ಸಿಯಾ' ಅಂದ್ಲು. ನಾನು, 'ತಾಯಿ, ಯಾರಾರ ಇದನ್ನ ಬರೀದ್ನ ಒಲೆ ಮ್ಯಾಲ ಇಟ್ಟಿದ್ರಾ ಕೇಳಿ, ಬರೀದು ಕಾದ್ರೆ ಎಂತ ತವರನೂ ಕರಗ್ತದ' ಅಂದೆ. ಯಾರೂ ಉಸ್ರು ಬುಡ್ನಿಲ್ಲ. ಆ ಮಾತು ಸುತ್ತೂರ್ಗೆಲ್ಲ ಓಯ್ತು. ಆಮ್ಯಾಲ ಎರಡು ವರ್ಸ, ಎಲ್ಲೋದ್ರೂ ಹೆಂಗಸ್ರು ಬಿಳಿ ಬಟ್ಟೆ ತಂದು ನನ್ ಕಲಾಯಿ ಉಜ್ಜಿ ನೋಡೋರು. ಸೀಸ ಇದ್ರೆ ಬಟ್ಟೆ ಕಪ್ಪಾಯ್ತದಲ್ಲ, ಅದ್ಕ. ನನ್ ಮುಂದ್ಗಡೆನೇ, ಅಮ್ಮ."

ನಾನು ಕಿಟಕಿಯ ಕಡೆ ತಿರುಗಿದೆ. ಆ ತಪ್ಪಲೆ ನನ್ನ ಗಂಡನ ಮನೆಯದು. ಆ ಯಜಮಾನಮ್ಮ ನನ್ನ ಅತ್ತೆ. ಬರಿದು ತಪ್ಪಲೆಯನ್ನು ಒಲೆಯ ಮೇಲೆ ಇಟ್ಟವಳು ನಾನು.

ನನ್ನ ತವರುಮನೆಯಲ್ಲಿ ಇದ್ದದ್ದೆಲ್ಲ ಮಣ್ಣಿನ ಗಡಿಗೆಗಳು. ಹಾಲು ಹಾಕುವ ಗಡಿಗೆಯನ್ನು ತೊಳೆದ ಮೇಲೆ ಬರಿದನ್ನೇ ಒಲೆಯ ಮೇಲಿಟ್ಟು ಕಾಯಿಸಿ ಒಣಗಿಸಬೇಕು, ಇಲ್ಲದಿದ್ದರೆ ಹಾಲು ಒಡೆಯುತ್ತದೆ. ಅದು ನನಗೆ ಗೊತ್ತಿದ್ದ ದೊಡ್ಡ ಜಾಣತನ. ಮದುವೆಯಾಗಿ ಬಂದ ತಿಂಗಳೊಳಗೆ ಅತ್ತೆಗೆ ನನ್ನ ಅಚ್ಚುಕಟ್ಟು ತೋರಿಸಬೇಕೆಂದು ಕಲಾಯಿಯ ತಪ್ಪಲೆ ತೊಳೆದು, ಬರಿದನ್ನೇ ಒಲೆಗಿಟ್ಟು, ಕಟ್ಟಿಗೆ ಮುಂದೆ ತಳ್ಳಿದೆ. ನೋಡನೋಡುತ್ತಿದ್ದಂತೆ ಒಳಗಿನ ಬೆಳ್ಳಿಯೆಲ್ಲ ಬೆವರಿನಂತೆ ಇಳಿದುಹೋಯಿತು. ಇಳಿಸಿ ಮೂಲೆಯಲ್ಲಿಟ್ಟು ಸುಮ್ಮನಾದೆ. ಅಂಗಳದಲ್ಲಿ ಅವರು ಆ ಪ್ರಶ್ನೆ ಕೇಳಿದಾಗ ಬಾಗಿಲ ಹಿಂದೆ ಸೆರಗು ಹೊದ್ದು ನಿಂತಿದ್ದೆ.

ಅವತ್ತು ಬಸ್ಸಿನಲ್ಲೂ ಸುಮ್ಮನಿದ್ದೆ. ಊರೂರಿನ ಬಾಯಿ ಬಿಡಿಸುವವಳು ನನ್ನ ಊರು ಬಂದಾಗ ಮಾತಿಲ್ಲದೆ ಇಳಿದೆ.

ಮರುದಿನ ಟೈಪ್ ಮಾಡಲು ಕೂತೆ. ತಿದಿ ಬಂತು, ನವಸಾಗರ ಬಂತು, ತಪ್ಪಲೆಯೂ ಬಂತು. ಮೊಮ್ಮಗಳು ಓದಿ ಕೇಳಿದಳು:

"ಅಜ್ಜಿ, ತಪ್ಪಲೆನ ಒಲೆ ಮೇಲೆ ಇಟ್ಟೋರು ಯಾರು ಅಂತ ಬರ್ದೇ ಇಲ್ವಲ್ಲ?"

"ಯಾರೋ ಇಟ್ಟವ್ರ. ನಿಂಗ್ಯಾಕಮ್ಮಿ?"

"ಇದನ್ನ ಮೊದ್ಲು ಅವ್ರಿಗೆ ಓದಿ ಹೇಳ್ಬೇಕಲ್ವಾ? ನಿನ್ನದೇ ರೂಲು. ಅವ್ರು ಇದೇ ಪ್ರಶ್ನೆ ಕೇಳುದ್ರೆ?"

ನಾನು ಮಾಡಿದ ಕಟ್ಟುಪಾಡು ನನ್ನ ಕೊರಳಿಗೇ ಬಂತು. ಮೊಮ್ಮಗಳು ನನ್ನ ಮುಖ ನೋಡಿದಳು. ಅಡುಗೆಮನೆಯ ಅಟ್ಟದ ಮೇಲೆ ಬೋರಲು ಬಿದ್ದಿದ್ದ ತಪ್ಪಲೆ ನೋಡಿದಳು. ಮತ್ತೆ ನನ್ನ ಮುಖ ನೋಡಿದಳು. "ಅಯ್ಯೋ ಅಜ್ಜಿ" ಎಂದಳು, ಅಷ್ಟೇ.

ಆ ಶನಿವಾರ ಇಬ್ಬರೂ ಚಾಮರಾಜನಗರಕ್ಕೆ ಹೋಗಿ ಹಾಸಿಗೆ ಅಂಗಡಿ ಹುಡುಕಿದೆವು. ಮುದುಕರು ಹತ್ತಿಯ ಮೂಟೆಗೆ ಒರಗಿ ಕೂತಿದ್ದರು. ಪೀಠಿಕೆಯಿಲ್ಲದೆ ಹೇಳಿದೆ. ಹೇಳಿದವಳು ಅರವತ್ತು ದಾಟಿದವಳಲ್ಲ, ಹದಿನೆಂಟರ ಸೊಸೆ. ಅವರ ಮಗಳು ತಂದಿಟ್ಟ ಚಹಾದ ಮೇಲೆ ಕೆನೆ ಕಟ್ಟಿತು.

"ತಪ್ಪಾಯ್ತು, ಯಜಮಾನ್ರೇ" ಎಂದೆ.

"ಇಲ್ಲಿ ಹೇಳುದ್ರೆ ಏನ್ ಬಂತವ್ವ?" ಎಂದರು. ದನಿ ಏರಿರಲಿಲ್ಲ. ಆದರೆ ಕಣ್ಣು ಉರಿಯುತ್ತಿತ್ತು. "ಈ ಅಂಗ್ಡೀಲಿ ನನ್ ಹೆಸ್ರು ಕೆಟ್ಟಿರ್ನಿಲ್ಲ. ಎಲ್ಲಿ ಕೆಟ್ಟಿತ್ತೋ ಅಲ್ಲಿ ಹೇಳು. ಆ ಅಂಗಳದಲ್ಲೇ ನಿಂತ್ಕಂಡು ಹೇಳು. ನಾ ಬತ್ತೀನಿ. ಕಣ್ಮುಚ್ಚೋದ್ರೊಳ್ಗ ಒಂದ್ಸಲ ಹರವೆಗ ತಲೆ ಎತ್ಕಂಡು ಬರ್ಬೇಕು."

ಹೂಂ ಎಂದೆ.

ಮಂಗಳವಾರ ಬಂದರು. ಇಸ್ತ್ರಿ ಮಾಡಿದ ಅಂಗಿ, ಅದೇ ಬಟ್ಟೆಚೀಲ. ಜಗುಲಿಯ ತುಂಬ ಹೆಂಗಸರು. ಅವರ ನಡುವೆ ನನ್ನ ದೊಡ್ಡ ವಾರಗಿತ್ತಿ. ಅವತ್ತಿನ ಅಂಗಳವನ್ನು ಕಣ್ಣಾರೆ ಕಂಡವರಲ್ಲಿ ಉಳಿದಿರುವವಳು ಅವಳೊಬ್ಬಳೇ. ನಾನು ತಪ್ಪಲೆ ಇಳಿಸಿ ತಂದು ಅಂಗಳದ ನಡುವೆ ಇಟ್ಟೆ. ಮಾತು ಶುರು ಮಾಡುತ್ತಿದ್ದಂತೆಯೇ ವಾರಗಿತ್ತಿ ಅಡ್ಡ ಬಂದಳು.

"ಸತ್ತು ಮಣ್ಣಾಗಿರೋ ಅತ್ತೆನ ಯಾಕಮ್ಮಿ ಬೀದಿಗ ಎಳ್ದೀಯೆ?"

"ಅತ್ತೆನಲ್ಲ ಕಣಕ್ಕ, ನನ್ನೇ ಎಳ್ಕತಾ ಇವ್ನಿ. ಅತ್ತೆ ಕಂಡಿದ್ದ ಅಂದ್ಲು. ಕಾಣ್ದೆ ಇದ್ದುದ್ದ ಮುಚ್ಚಿಟ್ಟೋಳು ನಾನು. ಬರೀ ತಪ್ಪಲೆನ ಒಲೆಗ ಇಟ್ಟಿದ್ದು ನಾನು. ಇವ್ರ ತವರದಲ್ಲಿ ಒಂದ್ ಚೂರೂ ಸೀಸ ಇರ್ನಿಲ್ಲ. ಎಲ್ಲಾರೂ ಕೇಳುಸ್ಕಂಡ್ರಾ?"

ಹಿಂದೆ ಕೂತಿದ್ದ ಒಬ್ಬಳು "ಇನ್ನೊಂದ್ಸಲ ಹೇಳಕ್ಕ, ನನಗ ಸರ್ಯಾಗಿ ಕೇಳ್ನಿಲ್ಲ" ಎಂದಳು. ಅವಳಿಗೆ ಚೆನ್ನಾಗಿಯೇ ಕೇಳಿತ್ತು. ಇನ್ನೊಂದು ಸಲ ಹೇಳಿದೆ, ಇನ್ನೂ ಜೋರಾಗಿ.

ವಾರಗಿತ್ತಿ ಎದ್ದಳು. ಕೋಪ ಮಾಡಿಕೊಂಡು ಹೊರಟಳು ಎಂದುಕೊಂಡೆ. ಅವಳು ತನ್ನ ಮನೆಗೆ ಹೋಗಿ ಹಿತ್ತಾಳೆಯ ಬೋಗುಣಿ ತಂದು ಮುದುಕರ ಮುಂದೆ ಇಟ್ಟಳು. "ಇದ್ಕ ಒಸಿ ಮಾಡ್ಕೊಡಿ, ಸಾಬ್ರೇ. ನಿಮ್ ಕೈ ಬುಟ್ಟೋದ ಮ್ಯಾಲ ಇದು ಮುಖನೇ ಕಂಡಿಲ್ಲ."

ಮುದುಕರು ಚೀಲ ಬಿಚ್ಚಿದರು. ಒಳಗೆ ತವರದ ಕಡ್ಡಿ, ನವಸಾಗರದ ಪೊಟ್ಟಣ, ಒಂದು ಹಿಡಿ ಹತ್ತಿ, ಇಕ್ಕಳ. ಕೇಳುತ್ತಾರೆಂದು ಅವರಿಗೆ ಗೊತ್ತಿತ್ತೋ, ಕೇಳಲಿ ಎಂಬ ಆಸೆಯೋ ನನಗೆ ತಿಳಿಯದು. ಅಂಗಳದ ಮೂಲೆಯಲ್ಲಿ ಗುಂಡಿ ತೋಡಿ ನಮ್ಮ ಒಲೆಯ ಇದ್ದಿಲು ತಂದು ಹಾಕಿದೆವು. ತಿದಿ ಇರಲಿಲ್ಲ. ಮೊಮ್ಮಗಳು ಕೂದಲು ಒಣಗಿಸುವ ಮೆಷಿನ್ನು ತಂದು ಇದ್ದಿಲಿಗೆ ಗಾಳಿ ಹಿಡಿದಳು. "ಎಂಟು ಜನ ತಿದಿ ಒತ್ತೋರ್ಗಿಂತ ಇದೇ ವಾಸಿ ಕಣಮ್ಮಿ" ಎಂದು ಅವರು ಮೊದಲ ಸಲ ನಕ್ಕರು. ಬಿಳಿ ಹೊಗೆ ಎದ್ದಿತು. ಹತ್ತಿ ಒಂದು ಸುತ್ತು ಸರಿಯಿತು. ಬೋಗುಣಿಯ ಒಳಗೆ ನಮ್ಮ ಅಂಗಳದ ಬೆಳಕೆಲ್ಲ ಬಂದು ಕೂತಿತು.

ಆರಿದ ಮೇಲೆ ಅವರು ಚೀಲದಿಂದ ಒಂದು ಬಿಳಿ ಬಟ್ಟೆ ತೆಗೆದರು. ಯಾರೂ ಕೇಳಿರಲಿಲ್ಲ. ಬೋಗುಣಿಯ ಒಳಗೆಲ್ಲ ಗಟ್ಟಿಯಾಗಿ ಉಜ್ಜಿ, ಆ ಬಟ್ಟೆಯನ್ನು ಮೊದಲು ವಾರಗಿತ್ತಿಯ ಕೈಗೆ ಕೊಟ್ಟರು. ಅವಳು ಪಕ್ಕದವಳಿಗೆ ಕೊಟ್ಟಳು. ಜಗುಲಿಯ ಕೊನೆಯವರೆಗೂ ಹೋಗಿ ಬಂತು. ಬೆಳ್ಳಗೇ ಇತ್ತು. ಅದನ್ನು ನಾಲ್ಕಾಗಿ ಮಡಿಸಿ ಜೇಬಿಗೆ ಇಟ್ಟುಕೊಂಡು, ಮುದುಕರು ನೆಟ್ಟಗೆ ನಿಂತು, ಅಂಗಳವನ್ನು ಒಂದು ಸುತ್ತು ನೋಡಿದರು. ಆ ನಿಲುವನ್ನು ನೀವು ನೋಡಬೇಕಿತ್ತು. ನನ್ನ ಮಕ್ಕಳ ಮದುವೆಗಳಲ್ಲೂ ನಾನು ಅಷ್ಟು ಹೆಮ್ಮೆಪಟ್ಟಿರಲಿಲ್ಲ. ಅವರ ಕೆಲಸದ ಹೆಮ್ಮೆ ಒಂದು ಪಾಲು. ಕಡೆಗೂ ಬಾಗಿಲ ಹಿಂದಿನಿಂದ ಹೊರಗೆ ಬಂದೆನಲ್ಲ, ಆ ಹೆಮ್ಮೆ ಇನ್ನೊಂದು ಪಾಲು. ಯಾವುದು ದೊಡ್ಡದು ಎಂದು ಕೇಳಬೇಡಿ.

ಅಷ್ಟಕ್ಕೇ ನಾನು ಬಾಯಿ ಮುಚ್ಚಿಕೊಂಡು ಅವರನ್ನು ಬಸ್ಸು ಹತ್ತಿಸಬೇಕಿತ್ತು. ಆದರೆ ಕಟ್ಟುಪಾಡು ಕಟ್ಟುಪಾಡೇ. ಹೆಂಗಸರೆಲ್ಲ ಹೋದ ಮೇಲೆ ಅವರನ್ನು ಜಗುಲಿಯ ಮೇಲೆ ಕೂರಿಸಿ, ಕನ್ನಡಕ ಏರಿಸಿ, ಫೋನು ಹಿಡಿದು, ಹಿಂದಿನ ದಿನ ತಿದ್ದಿ ಬರೆದಿದ್ದನ್ನು ನಾನೇ ಓದಿದೆ. ನನ್ನ ತವರಿನ ಗಡಿಗೆ ಓದಿದೆ. ಬಾಗಿಲ ಹಿಂದೆ ನನ್ನ ಎದೆ ಹೇಗೆ ಹೊಡೆದುಕೊಂಡಿತು ಎಂಬುದನ್ನು ಓದಿದೆ. ಇಷ್ಟು ವರ್ಷ ಅದನ್ನು ನಾನು ಹೇಗೆ ಹೊತ್ತೆ, ಹಾಸಿಗೆ ಅಂಗಡಿಯಲ್ಲಿ ಎಷ್ಟು ಧೈರ್ಯ ಮಾಡಿದೆ ಎಂಬುದನ್ನು ದನಿ ಏರಿಸಿ ಇಳಿಸಿ ಓದಿದೆ. ಅವರು ಗಡ್ಡ ನೀವಿಕೊಳ್ಳುತ್ತಾ ಕೇಳಿದರು. ಮುಗಿಸಿ, "ಎಂಗದ ಯಜಮಾನ್ರೇ? ಹೂಂ ಅಂತೀರಾ?" ಎಂದೆ.

"ಏನವ್ವ ಇದು?" ಎಂದರು. "ನನ್ ಕತೆ ಹೇಳಿ ಹೇಳಿ ಅಂತ ಬಸ್ಸಲ್ಲಿ ಬಾಯ್ ಬಿಡ್ಸ್ಬುಟ್ಟು, ಇದ್ರಲ್ಲಿ ನಾನು ನಾಕು ಸಾಲು, ನೀನು ತಪ್ಪೊಪ್ಕಂಡಿದ್ದೇ ನಲವತ್ ಸಾಲು! ಕಲಾಯಿ ಹಾಕೋನು ನಾನು, ಫಳಫಳ ಅನ್ನೋಳು ನೀನಾ?"