ಬಡಿಸುತ್ತಿದ್ದ ಗಂಗಯ್ಯನ ಫೋಟೋ

ದೀಪಕ್ ಎಂಬ ಹೆಸರು ಕಿವಿಗೆ ಬಿದ್ದರೆ ಸಾಕು, ಹಳೇಬೀಡಿನ ಸ್ಟುಡಿಯೋ ಕೆಂಚಯ್ಯನಿಗೆ ಇಂದಿಗೂ ಪಿತ್ತ ನೆತ್ತಿಗೇರುತ್ತದೆ. ದೀಪಕ್ ಅರಸೀಕೆರೆಯವನು, ಸುತ್ತಲಿನ ಸ್ಟುಡಿಯೋಗಳ ಕಂಪ್ಯೂಟರ್ ರಿಪೇರಿ ಮಾಡುವವನು.

ಯಾರಾದರೂ ತೀರಿಕೊಂಡು ಮನೆಯಲ್ಲಿ ಅವರದೊಂದು ನೆಟ್ಟಗಿನ ಫೋಟೋ ಇಲ್ಲದಿದ್ದರೆ ಜನ ಬರುತ್ತಿದ್ದುದು ಕೆಂಚಯ್ಯನ ಹತ್ತಿರ. ಹದಿನೆಂಟು ವರ್ಷ ತೆಗೆದ ಮದುವೆ ಫೋಟೋಗಳೆಲ್ಲ ಅವನ ಕಂಪ್ಯೂಟರಿನಲ್ಲಿದ್ದವು. ಯಾವುದೋ ಮದುವೆಯ ಗುಂಪಿನೊಳಗಿಂದ ಸತ್ತವರ ಮುಖ ಹುಡುಕಿ, ದೊಡ್ಡದು ಮಾಡಿ, ತಿಥಿಯ ಹೊತ್ತಿಗೆ ಕಟ್ಟು ಹಾಕಿಸಿ ಕೊಡುತ್ತಿದ್ದ.

ಬೀರಮ್ಮ ಬಂದದ್ದೂ ಅದಕ್ಕೇ. ಗಂಡ ಗಂಗಯ್ಯ ಹೋಗಿ ಐದು ದಿನವಾಗಿತ್ತು.

“ಆಧಾರ್ ಕಾರ್ಡಿಂದು ಬ್ಯಾಡ ಕಣಣ್ಣ. ಅದ್ರಾಗೆ ನಮ್ಮೆಜಮಾನ್ರು ಕಳ್ಳನಂಗೆ ಕಾಣ್ತಾರೆ. ಲಕ್ಷ್ಮೀಶನ ಮದ್ವೇಲಿ ಬಡಿಸ್ತಿದ್ರು, ನೀನೇ ತೆಗ್ದಿದ್ದೆ. ಅದಿದ್ರೆ ಕೊಡು.”

ಎರಡು ದಿನ ಹುಡುಕಿದ ಮೇಲೆ ಸಿಕ್ಕಿತು. ಕೈಯಲ್ಲಿ ಸಾರಿನ ಬಕೆಟ್ಟು, ಯಾರನ್ನೋ ಛೇಡಿಸಿ ನಗುತ್ತಿರುವ ಗಂಗಯ್ಯ. ಕೆಂಚಯ್ಯ ಬೀರಮ್ಮನಿಗೆ ಫೋನು ಮಾಡಿ, “ನಾಳಿದ್ದು ಬಾರವ್ವ, ಕೊಡ್ತೀನಿ” ಎಂದು ಮಾತು ಕೊಟ್ಟ.

ಅಂದೇ ಮಧ್ಯಾಹ್ನ ದೀಪಕ್ ಹೊಸ ಆಲ್ಬಂ ಸಾಫ್ಟ್‌ವೇರು ತಂದ. ಕೊಂಡದ್ದಲ್ಲ, ಪೆನ್‌ಡ್ರೈವಿನಲ್ಲಿ ಸ್ಟುಡಿಯೋದಿಂದ ಸ್ಟುಡಿಯೋಗೆ ತಿರುಗುವ ಕದ್ದ ಮಾಲು. ಹಾಕಹೋದರೆ ಕಂಪ್ಯೂಟರು ಬಿಡಲಿಲ್ಲ. ಇದರಲ್ಲಿ ವೈರಸ್ ಇರಬಹುದೆಂದು ಪರದೆಯ ಮೇಲೆ ಎಚ್ಚರಿಕೆ ಬಂತು.

“ಏನ್ಲಾ ಅದು?”

“ಸುಮ್ನೆ ಹೆದ್ರುಸ್ತೈತೆ ಕಣಣ್ಣ. ಸೆಕ್ಯೂರಿಟಿ ಆಫ್ ಮಾಡಿದ್ರೆ ಬಾಯ್ ಮುಚ್ಕಂತದೆ. ಎಲ್ರೂ ಹಂಗೇ ಮಾಡ್ಸವ್ರೆ.”

“ಆಮೇಲೆ ಆನ್ ಮಾಡ್ತೀಯಾ?”

“ಆನ್ ಮಾಡಿದ್ರೆ ಸಾಫ್ಟ್‌ವೇರ್ ನಿಂತೋಯ್ತದೆ. ಯಾವ್ದು ಬೇಕು ನೀವೇ ಹೇಳಿ.”

“ನಾಳೆ ಒಂದ್ ಮದ್ವೆ ಆಲ್ಬಂ ಕೊಡ್ಬೇಕು ಕಣ್ಲಾ. ಮಾಡತ್ಲಾಗೆ ಆಫು.”

ಮರುದಿನ ಬೆಳಿಗ್ಗೆ ಒಂದು ಫೋಟೋವೂ ತೆರೆಯಲಿಲ್ಲ. ಪರದೆ ತುಂಬ ಇಂಗ್ಲಿಷಿನ ಬೆದರಿಕೆ: ಬೀಗ ಹಾಕಿದ್ದೇವೆ, ಬಿಡಿಸಬೇಕಾದರೆ ದುಡ್ಡು ಹಾಕು. ಕಾಪಿ ಇಟ್ಟಿದ್ದ ಹಾರ್ಡ್‌ಡಿಸ್ಕನ್ನು ಸದಾ ಕಂಪ್ಯೂಟರಿಗೇ ಚುಚ್ಚಿಟ್ಟಿರುತ್ತಿದ್ದನಲ್ಲ, ಅದರೊಳಗಿನದಕ್ಕೂ ಅದೇ ಬೀಗ. ಲಕ್ಷ್ಮೀಶನ ಮನೆಗೆ ಓಡಿ ಆಲ್ಬಂ ತಿರುವಿದ. ಅದರಲ್ಲಿದ್ದುದು ಬರೀ ಮಂಟಪದ ಫೋಟೋಗಳು. ಬಡಿಸುವವರ ಫೋಟೋ ಆಲ್ಬಮ್ಮಿಗೆ ಯಾರು ಹಾಕಿಸುತ್ತಾರೆ?

ದೀಪಕ್‌ಗೆ ಫೋನು ಮಾಡಿ ಅವನ ವಂಶವನ್ನೆಲ್ಲ ಜಾಲಾಡಿದ. ಅವನು ಪೂರ್ತಿ ಕೇಳಿಸಿಕೊಂಡು, “ಆಫ್ ಮಾಡು ಅಂದೋರು ಯಾರಣ್ಣ?” ಎಂದು ಫೋನಿಟ್ಟ. ಆ ಒಂದು ಮಾತಿಗೆ ಕೆಂಚಯ್ಯನ ಮೈಯೆಲ್ಲ ಉರಿಯಿತು.

ಬೀರಮ್ಮ ಬಂದಾಗ ಕಂಪ್ಯೂಟರನ್ನೂ ದೀಪಕ್‌ನನ್ನೂ ಬಾಯಿಗೆ ಬಂದಂತೆ ಬೈದ. ಅವಳು ಬಾಗಿಲಲ್ಲೇ ನಿಂತಿದ್ದಳು.

“ಅದೆಲ್ಲ ನಂಗೆ ತಿಳಿಯಾಕಿಲ್ಲ ಕಣಣ್ಣ. ನೀನು ನೋಡ್ದ್ಯಲ್ಲ, ನಗ್ತಿದ್ರಾ?”

“ನಗ್ತಿದ್ರು ಕಣವ್ವ.”

ತಿಥಿಯ ದಿನ ಫೋಟೋ ಇಡುವ ಮಣೆಯ ಮೇಲೆ ಗಂಗಯ್ಯನ ಟವೆಲು ಮಡಿಸಿಟ್ಟು ಹೂ ಹಾಕಿದ್ದರು. ಕೆಂಚಯ್ಯ ಊಟಕ್ಕೆ ಕೂರದೆ ಎದ್ದು ಬಂದ. ಬೀರಮ್ಮ ಬೈದಿದ್ದರೆ ಜಗಳವಾಡಿಯಾದರೂ ಹಗುರಾಗುತ್ತಿದ್ದ. ಅವಳು ಬೈಯಲಿಲ್ಲ, ಮತ್ತೆ ಕೇಳಲೂ ಇಲ್ಲ. ಆ ಫೋಟೋ ಅವನು ಕೊಡಬೇಕಾದ ಬಾಕಿಯಾಗಿಯೇ ಉಳಿದಿದೆ.